ಇಂಗ್ಲೆಂಡಿನ ಬಾಡಿಗೆ ಮನೆಯ ಡಿಪಾಜಿಟ್: ಮೊದಲ ದಿನವೇ ಪಂಚನಾಮೆ

ಹೋದ ಅಕ್ಟೋಬರಿನಲ್ಲಿ ಬಾಗಲಕೋಟೆಯ ನವನಗರದಿಂದ ಒಂದು ಫೋನ್ ಬಂತು. ಪರಿಚಯದವರ ಪರಿಚಯದವರು. ಮಗ ಲೆಸ್ಟರ್‌ನಲ್ಲಿ ಎಂಎಸ್ಸಿ ಮುಗಿಸಿ, ಮನೆ ಖಾಲಿ ಮಾಡಿ, ಕೆಲಸ ಸಿಕ್ಕ ಊರಿಗೆ ಹೋಗಿದ್ದಾನೆ.

"ಅಕ್ಕಾರ, ಹುಡುಗನ ಡಿಪಾಜಿಟ್‌ನ್ಯಾಗ ರೊಕ್ಕ ಮುರಕೊಂಡಾರಂತ್ರಿ. ಒಂಬೈನೂರು ಪೌಂಡಿನಾಗ ಆರನೂರಾ ನಲವತ್ತು ಹೋತಂತ. ಇಂಗ್ಲೆಂಡಿನಾಗೂ ಹಿಂಗ ಇರ್ತದೇನ್ರಿ?"

ಇರುತ್ತದೆ. ನನಗೂ ಆಗಿದೆ. ಆರು ವರ್ಷ ಅಲ್ಲಿದ್ದು, ಮೂರು ಬಾಡಿಗೆ ಮನೆ ಬದಲಿಸಿ, ಈಗ ಬೆಳಗಾವಿಯ ಟಿಳಕವಾಡಿಗೆ ವಾಪಸ್ ಬಂದು ಕೂತಿದ್ದೇನೆ. ಮೊದಲ ಮನೆಯಲ್ಲಿ ರೊಕ್ಕ ಕಳೆದುಕೊಂಡೆ. ಎರಡನೆಯದರಲ್ಲಿ ಜಗಳ ಆಡಿ ಪಡೆದೆ. ಮೂರನೆಯದರಲ್ಲಿ ಜಗಳವೇ ಬರಲಿಲ್ಲ. ಮೂರೂ ಕಡೆ ನಾನು ಮನೆ ಇಟ್ಟುಕೊಂಡ ರೀತಿ ಒಂದೇ. ಬದಲಾದದ್ದು ನನ್ನ ಹತ್ತಿರ ಇದ್ದ ಕಾಗದ ಮತ್ತು ಫೋಟೋ ಮಾತ್ರ.

ಅದಕ್ಕೇ ಅವರಿಗೆ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಮನೆ ಹೊಕ್ಕ ದಿನದ ಫೋಟೋ ಇವೆಯಾ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ನಕ್ಕರು. "ಅಂದ್ರ ಪಂಚನಾಮಿ ಅನ್ರಿ. ಮುಳುಗಡಿ ಪರಿಹಾರದಾಗ ಅದನ್ನ ನೋಡೇವಿ. ಕಾಗದ ಇದ್ದವಗ ರೊಕ್ಕ, ಇಲ್ಲದವಗ ಆಫೀಸಿಗೆ ತಿರುಗಾಟ." ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಬಿಟ್ಟುಕೊಟ್ಟು ನವನಗರಕ್ಕೆ ಬಂದವರು ಅವರು. ನಾನು ಅರ್ಧ ಗಂಟೆ ಹೇಳಬೇಕಾದದ್ದನ್ನು ಒಂದೇ ಮಾತಿನಲ್ಲಿ ಮುಗಿಸಿದರು.

ಇನ್ನು ವಿವರ.

ನಮ್ಮ ಕಡೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ

ಬೆಳಗಾವಿಯಲ್ಲಿ ಬಾಡಿಗೆ ಮನೆ ಬಿಡುವ ರೀತಿ ನಿಮಗೆ ಗೊತ್ತೇ ಇದೆ. ಡಿಪಾಜಿಟ್ ಮಾಲೀಕರ ಕೈಯಲ್ಲಿ ಇರುತ್ತದೆ. ಅದು ಅವರ ಮಗಳ ಮದುವೆಗೋ ಮೇಲಿನ ಮಾಳಿಗೆಗೋ ಖರ್ಚಾಗಿರುತ್ತದೆ. ಹೊಸ ಬಾಡಿಗೆದಾರ ಬಂದು ಅವನು ಕೊಟ್ಟ ಮೇಲೆ ನಮ್ಮದು ನಮ್ಮ ಕೈಗೆ. ಬಣ್ಣಕ್ಕೆ ಅಂತ ಸ್ವಲ್ಪ ಮುರಿದುಕೊಳ್ಳುತ್ತಾರೆ. ನಂಬಿಕೆ ಇಲ್ಲದ ಬಾಡಿಗೆದಾರ ಕೊನೆಯ ಎರಡು ಮೂರು ತಿಂಗಳು ಬಾಡಿಗೆಯನ್ನೇ ಕೊಡದೆ, "ಡಿಪಾಜಿಟ್‌ನ್ಯಾಗ ಮುರ್ಕೊಳ್ರಿ" ಅನ್ನುತ್ತಾನೆ. ಎಲ್ಲವೂ ಮುಖ ನೋಡಿ, ಮುಲಾಜಿಗೆ ನಡೆಯುವ ವ್ಯವಹಾರ.

ಇಂಗ್ಲೆಂಡಿನಲ್ಲಿ 2007ರ ಏಪ್ರಿಲ್ 6ರಿಂದ ಈ ಮುಲಾಜನ್ನು ಕಾನೂನು ಮಧ್ಯದಿಂದ ತೆಗೆದುಹಾಕಿದೆ. ಮಾಲೀಕ ನಿಮ್ಮ ಡಿಪಾಜಿಟ್ಟನ್ನು ಸರ್ಕಾರ ಒಪ್ಪಿದ ಮೂರು ಸಂಸ್ಥೆಗಳಲ್ಲಿ ಒಂದರಲ್ಲಿ ನೋಂದಾಯಿಸಲೇಬೇಕು. ಡಿಪಾಜಿಟ್ ಪ್ರೊಟೆಕ್ಷನ್ ಸರ್ವಿಸ್, ಮೈಡಿಪಾಜಿಟ್ಸ್, ಟೆನೆನ್ಸಿ ಡಿಪಾಜಿಟ್ ಸ್ಕೀಮ್: ಇವೇ ಆ ಮೂರು. ನಾಲ್ಕನೆಯ ಹೆಸರು ಯಾರಾದರೂ ಹೇಳಿದರೆ ನಂಬಬೇಡಿ. ಹಣ ಕೈಗೆ ಬಂದ 30 ದಿನದೊಳಗೆ ನೋಂದಾಯಿಸಿ, ಅಷ್ಟರೊಳಗೇ ನಿಮಗೆ ಬರಹದಲ್ಲಿ ತಿಳಿಸಬೇಕು. ಯಾವ ಸಂಸ್ಥೆ, ಎಷ್ಟು ಹಣ, ವಾಪಸ್ ಪಡೆಯುವುದು ಹೇಗೆ, ತಕರಾರು ಬಂದರೆ ಏನು ಮಾಡಬೇಕು ಎಂದು ಆ ಕಾಗದದಲ್ಲಿ ಇರುತ್ತದೆ.

ಇದರಲ್ಲಿ ಎರಡು ಬಗೆ. ಕಸ್ಟೋಡಿಯಲ್ ಅಂದರೆ ಹಣ ಆ ಸಂಸ್ಥೆಯ ಖಾತೆಯಲ್ಲೇ ಕೂತಿರುತ್ತದೆ. ಇನ್ಶೂರ್ಡ್ ಅಂದರೆ ಹಣ ಮಾಲೀಕನ ಅಥವಾ ಏಜೆಂಟನ ಬಳಿ ಇರುತ್ತದೆ, ಅವನು ಸಂಸ್ಥೆಗೆ ಶುಲ್ಕ ಕಟ್ಟಿ ವಿಮೆ ಮಾಡಿಸಿರುತ್ತಾನೆ. ನಿಮಗೆ ಎರಡೂ ಸುರಕ್ಷಿತವೇ. ಯಾವ ಬಗೆ ಅಂತ ತಿಳಿದಿದ್ದರೆ ಕೊನೆಯಲ್ಲಿ ಯಾರ ಬಾಗಿಲು ಬಡಿಯಬೇಕು ಅನ್ನುವುದು ಗೊತ್ತಾಗುತ್ತದೆ, ಅಷ್ಟೇ.

ಇದರ ಹಿಂದಿನ ತತ್ವ ನಮ್ಮವರಿಗೆ ಸ್ವಲ್ಪ ವಿಚಿತ್ರ ಅನಿಸುತ್ತದೆ. ಡಿಪಾಜಿಟ್ ಕೊನೆಯವರೆಗೂ ಬಾಡಿಗೆದಾರನ ಹಣ. ಮುರಿದುಕೊಳ್ಳಲು ಕಾರಣ ಇದೆ ಎಂದು ತೋರಿಸಬೇಕಾದವನು ಮಾಲೀಕ. ನೀವು ತಪ್ಪು ಮಾಡಿಲ್ಲ ಎಂದು ನೀವು ಸಾಬೀತು ಮಾಡಬೇಕಿಲ್ಲ. ಇದನ್ನು ತಿಳಿಯದೆ ನಾನು ಮೊದಲ ಮನೆಯಲ್ಲಿ ಏಜೆಂಟನಿಗೆ "ಸಾರಿ" ಅಂತ ಇಮೇಲ್ ಬರೆದಿದ್ದೆ. ಸೌಜನ್ಯಕ್ಕೆ ಬರೆದದ್ದು. ಅದನ್ನೇ ಅವನು ತಪ್ಪೊಪ್ಪಿಗೆ ಅಂತ ಲಗತ್ತಿಸಿದ.

ಎಷ್ಟು ಕೇಳಬಹುದು

2019ರ ಜೂನ್ 1ರಿಂದ ಇದಕ್ಕೂ ಮಿತಿ ಇದೆ. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಡಿಪಾಜಿಟ್ ಕೇಳುವಂತಿಲ್ಲ. ನಮ್ಮ ಹುಡುಗರ ಮನೆಗಳೆಲ್ಲ ಈ ಲೆಕ್ಕದಲ್ಲೇ ಬರುತ್ತವೆ. ವಾರದ ಬಾಡಿಗೆ ತೆಗೆಯುವಾಗ ತಿಂಗಳದ್ದನ್ನು ನಾಲ್ಕರಿಂದ ಭಾಗಿಸಬೇಡಿ. ಹನ್ನೆರಡರಿಂದ ಗುಣಿಸಿ 52ರಿಂದ ಭಾಗಿಸಿ. ಲೆಸ್ಟರ್ ಹುಡುಗನ ಬಾಡಿಗೆ ತಿಂಗಳಿಗೆ 780. ವರ್ಷಕ್ಕೆ 9,360. ವಾರಕ್ಕೆ 180. ಐದು ವಾರಕ್ಕೆ 900. ಅವನ ಏಜೆಂಟ್ ಪೈಸೆ ಬಿಡದೆ ಮಿತಿಯವರೆಗೆ ವಸೂಲು ಮಾಡಿದ್ದ.

ಮನೆ ನಿಮಗೇ ಹಿಡಿದಿಡಲು ಮೊದಲೇ ಕೊಡುವ ಹೋಲ್ಡಿಂಗ್ ಡಿಪಾಜಿಟ್ ಒಂದು ವಾರದ ಬಾಡಿಗೆ ದಾಟಬಾರದು. ಬಾಡಿಗೆ ಕರಾರು ಮಾಡುವ ಶುಲ್ಕ, ಹಿನ್ನೆಲೆ ವಿಚಾರಿಸುವ ಶುಲ್ಕ, ಮನೆ ಬಿಡುವಾಗ ತಪಾಸಣೆಯ ಶುಲ್ಕ, ಇವೆಲ್ಲ ಅದೇ ಕಾನೂನಿನಲ್ಲಿ ರದ್ದಾಗಿವೆ. ಆದರೂ ಕಡಿತದ ಪಟ್ಟಿಯಲ್ಲಿ "ಚೆಕ್‌ಔಟ್ ಫೀ" ಅಂತ ಒಂದು ಸಾಲು ಸುಮ್ನೆ ಸೇರಿಸಿಬಿಡುವವರು ಇದ್ದಾರೆ. ಆ ಸಾಲನ್ನು ಹೊಡೆದು ಹಾಕಿಸಿ.

2026ರ ಮೇ 1ರಿಂದ ಬಾಡಿಗೆ ಕಾನೂನು ಇನ್ನಷ್ಟು ಬದಲಾಗಿದೆ. ನಿಗದಿತ ಅವಧಿಯ ಕರಾರು ಹೋಗಿ, ಬಾಡಿಗೆದಾರ ಎರಡು ತಿಂಗಳ ನೋಟಿಸ್ ಕೊಟ್ಟು ಬಿಡಬಹುದಾದ ಪದ್ಧತಿ ಬಂದಿದೆ. ಕಾರಣ ಹೇಳದೆ ಮನೆ ಖಾಲಿ ಮಾಡಿಸುವ ನೋಟಿಸ್ ಇಲ್ಲವಾಗಿದೆ. ಮೊದಲು ನಮ್ಮ ಹುಡುಗರಿಗೆ ಅಲ್ಲಿನ ಜಾಮೀನುದಾರ ಇಲ್ಲ ಅಂತ ಆರು ತಿಂಗಳ ಬಾಡಿಗೆ ಒಟ್ಟಿಗೆ ಕಟ್ಟಿಸುತ್ತಿದ್ದರು. ಈಗ ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ದೊಡ್ಡ ವಿದ್ಯಾರ್ಥಿ ವಸತಿ ಕಟ್ಟಡಗಳ ಲೆಕ್ಕ ಬೇರೆ, ಅವರ ಕರಾರು ಓದಿಕೊಳ್ಳಿ. ಡಿಪಾಜಿಟ್ ರಕ್ಷಣೆಯ ನಿಯಮ ಮಾತ್ರ ಮೊದಲಿನಂತೆಯೇ ನಡೆದಿದೆ.

ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡಿಗೆ ಹೋಗುವವರಿಗೆ ಸಂಸ್ಥೆಗಳೂ ಬೇರೆ, ಮಿತಿಯೂ ಬೇರೆ: ಅಲ್ಲಿ ಎರಡು ತಿಂಗಳ ಬಾಡಿಗೆಯವರೆಗೆ ಕೇಳಬಹುದು, ನೋಂದಾಯಿಸಲು 30 ಕೆಲಸದ ದಿನಗಳಿವೆ.

ನಮ್ಮವರ ಮನೆ, ನಮ್ಮವರ ಕೋಣೆ

ಇದನ್ನು ಬರೆಯಲು ಸ್ವಲ್ಪ ಸಂಕೋಚ. ಆದರೆ ನನಗೆ ಬರುವ ಫೋನುಗಳಲ್ಲಿ ಸುಮಾರು ಅರ್ಧ ಇದೇ ವಿಷಯದ್ದು.

ಊರಿನಿಂದ ಹೊರಡುವ ಮೊದಲೇ ವಾಟ್ಸಾಪ್ ಗುಂಪಿನಲ್ಲಿ ಕೋಣೆ ಸಿಗುತ್ತದೆ. ಕೊಡುವವನು ಗೋಕಾಕದವನೋ ಜಮಖಂಡಿಯವನೋ ಆಗಿರುತ್ತಾನೆ. "ಏ, ನಮ್ಮ ಹುಡುಗ ಅದಾನ, ಕಳಸು" ಅಂತ ಮನೆಯವರಿಗೆ ಧೈರ್ಯ. ಅವನು ಕೋರ್ಸ್ ಮುಗಿಸಿ ಹೊರಡುತ್ತಿದ್ದಾನೆ. ಅವನ ಡಿಪಾಜಿಟ್ ಸಂಸ್ಥೆಯಲ್ಲಿ ಇದೆ. "ನನ್ನ ಡಿಪಾಜಿಟ್ ನೀನೇ ನನಗೆ ಕೊಟ್ಟುಬಿಡು, ನಾಳೆ ನೀನು ಬಿಡುವಾಗ ಅದು ನಿನಗೇ ಬರುತ್ತದೆ" ಅನ್ನುತ್ತಾನೆ. ಮೋಸದ ಉದ್ದೇಶ ಇರುವುದಿಲ್ಲ, ಅವನೂ ಹಾಗೇ ಮಾಡಿ ಬಂದವನು. ಆದರೆ ಸಂಸ್ಥೆಯ ದಾಖಲೆಯಲ್ಲಿ ಹೆಸರು ಅವನದು. ಮೊದಲ ದಿನದ ಇನ್ವೆಂಟರಿ, ಅಂದರೆ ಮನೆಯ ಸಾಮಾನು, ಸ್ಥಿತಿಯ ಪಟ್ಟಿ, ಅವನದು. ಗೋಡೆಗೆ ಅವನು ಹೊಡೆದ ಮೊಳೆ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಹಣ ಬಿಡುಗಡೆಯಾಗುವಾಗ ಅವನು ದುಬೈನಲ್ಲಿ ಇರುತ್ತಾನೆ, ನಂಬರ್ ಬದಲಾಗಿರುತ್ತದೆ.

ಹಾಗೆ ಕೋಣೆ ಹಿಡಿಯಲೇಬೇಕು ಅಂದರೆ ಏಜೆಂಟ್ ಅಥವಾ ಮಾಲೀಕನಿಂದ ಬರಹದಲ್ಲಿ ಹೆಸರು ಬದಲಾವಣೆ ಮಾಡಿಸಿ. ಸಂಸ್ಥೆಯಿಂದ ನಿಮ್ಮ ಇಮೇಲಿಗೆ ಸಂದೇಶ ಬರುವವರೆಗೆ ಹಣ ಕೊಡಬೇಡಿ. ಕೆಟ್ಟ ಅನಿಸಿದರೂ ಪರವಾಗಿಲ್ಲ.

ಇನ್ನೊಂದು ಅಪಾಯ ಮಾಲೀಕನ ಜೊತೆಗೇ ಅದೇ ಮನೆಯಲ್ಲಿ ಒಂದು ಕೋಣೆಯಲ್ಲಿ ಇರುವುದು. ಒಂದೇ ಅಡುಗೆ ಮನೆ, ಒಂದೇ ಬಚ್ಚಲು. ಅಲ್ಲಿ ಇದನ್ನು ಲಾಡ್ಜರ್ ಅನ್ನುತ್ತಾರೆ. ಅಂಥವರ ಡಿಪಾಜಿಟ್ಟಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ. ನಮ್ಮ ಎಷ್ಟೋ ಮಕ್ಕಳು ಮೊದಲ ವರ್ಷ ಭಾರತೀಯ ಕುಟುಂಬಗಳಲ್ಲಿ ಹೀಗೇ ಇರುತ್ತಾರೆ. ಊಟದ ರುಚಿ ಸಿಗುತ್ತದೆ, ಒಳ್ಳೆಯದೇ. ಕೊಟ್ಟ ಹಣಕ್ಕೆ ರಸೀದಿ ಇಟ್ಟುಕೊಳ್ಳಿ, ಬ್ಯಾಂಕ್ ಮೂಲಕವೇ ಕೊಡಿ, ಕೈಯಲ್ಲಿ ನೋಟು ಕೊಡಬೇಡಿ.

ಹೆಸರಿನ ತೊಡಕು

ಮೂರೂ ಸಂಸ್ಥೆಗಳ ವೆಬ್‌ಸೈಟಿನಲ್ಲಿ ನಿಮ್ಮ ಡಿಪಾಜಿಟ್ ನೋಂದಣಿ ಆಗಿದೆಯೇ ಅಂತ ನೀವೇ ಹುಡುಕಬಹುದು. ಸರ್‌ನೇಮ್, ಮನೆಯ ಪೋಸ್ಟ್‌ಕೋಡ್, ಕರಾರು ಶುರುವಾದ ದಿನ, ಹಣದ ಮೊತ್ತ ಇಂಥವನ್ನು ಕೇಳುತ್ತದೆ. ನಮ್ಮವರು ಎಡವುವುದು ಸರ್‌ನೇಮಿನಲ್ಲೇ.

ಪಾಸ್‌ಪೋರ್ಟಿನಲ್ಲಿ ಒಬ್ಬನಿಗೆ ಅಪ್ಪನ ಹೆಸರು ಸರ್‌ನೇಮ್ ಆಗಿರುತ್ತದೆ, ಇನ್ನೊಬ್ಬನಿಗೆ ಅಡ್ಡಹೆಸರು, ಮತ್ತೊಬ್ಬನಿಗೆ ಆ ಜಾಗವೇ ಖಾಲಿ. ಏಜೆಂಟ್ ಕಚೇರಿಯವರು ಯಾವುದು ಕೊನೆಗೆ ಕಂಡಿತೋ ಅದನ್ನು ಬರೆದಿರುತ್ತಾರೆ. ನನ್ನದೇ ಒಂದು ಕರಾರಿನಲ್ಲಿ ನಮ್ಮಪ್ಪನ ಹೆಸರು ಸರ್‌ನೇಮ್ ಆಗಿ, ಅದರಲ್ಲೂ ಕೊನೆಯ ಅಕ್ಷರ ಬಿಟ್ಟುಹೋಗಿತ್ತು. ಹಾಗಾಗಿ ಒಂದು ಸಲ ಹುಡುಕಿ "ಇಲ್ಲ" ಅಂತ ಬಂದರೆ ಗಾಬರಿಯಾಗಬೇಡಿ. ನಿಮ್ಮ ಹೆಸರಿನ ಮೂರೂ ತುಂಡುಗಳನ್ನು, ಮೂರೂ ಸಂಸ್ಥೆಗಳಲ್ಲಿ ಹಾಕಿ ನೋಡಿ. ಇಬ್ಬರು ಮೂವರು ಸೇರಿ ಮನೆ ಹಿಡಿದಿದ್ದರೆ ಒಬ್ಬನನ್ನು ಮುಖ್ಯ ಬಾಡಿಗೆದಾರ ಅಂತ ನಮೂದಿಸಿರಬಹುದು, ಅವನ ಹೆಸರಿನಲ್ಲೂ ಹುಡುಕಿ. 31ನೆಯ ದಿನಕ್ಕೆ ಈ ಕೆಲಸ ಮಾಡಿ ಮುಗಿಸಿ.

ಇಮೇಲ್ ಕೊಡುವಾಗ ವಿಶ್ವವಿದ್ಯಾಲಯದ್ದನ್ನು ಕೊಡಬೇಡಿ. ಕೋರ್ಸ್ ಮುಗಿದ ಮೇಲೆ ಅದು ಬಂದ್ ಆಗಬಹುದು. ಡಿಪಾಜಿಟ್ ವಾಪಸ್ ಕೇಳುವುದೂ ಆಗಲೇ ಅಲ್ವಾ.

ಮೊದಲ ದಿನ

ವಿಮಾನದ ದಣಿವು, ಎರಡು ದೊಡ್ಡ ಬ್ಯಾಗು, ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ. ಬ್ಯಾಗು ಬಾಗಿಲಲ್ಲೇ ಇರಲಿ. ಬಿಚ್ಚುವ ಮೊದಲು ಫೋನ್ ತೆಗೆಯಿರಿ.

ಬಾಗಿಲಿಂದ ಶುರು ಮಾಡಿ ಒಂದೇ ಉದ್ದನೆಯ ವಿಡಿಯೋ. ಆಮೇಲೆ ಒಂದೊಂದು ಕೋಣೆಯ ಫೋಟೋ. ಎಲ್ಲರೂ ಗೋಡೆಯ ಫೋಟೋ ತೆಗೆಯುತ್ತಾರೆ, ಕಡಿತ ಬರುವುದು ಬೇರೆ ಜಾಗದಿಂದ. ಹಾಸಿಗೆಯ ಹೊದಿಕೆ ತೆಗೆದು ಎರಡೂ ಮಗ್ಗುಲು. ಓವನ್ ಒಳಗೆ, ಅದರ ಗಾಜಿನ ಬಾಗಿಲು. ಒಲೆಯ ಮೇಲಿನ ಎಕ್ಸಾಸ್ಟಿನ ಜಾಲರಿ. ಫ್ರಿಜ್ಜಿನ ರಬ್ಬರ್ ಪಟ್ಟಿ. ಕಿಟಕಿಯ ಕೆಳಗಿನ ಮೂಲೆ, ಬೂಷ್ಟು ಬರುವುದು ಅಲ್ಲೇ. ಬಚ್ಚಲಿನ ಟೈಲ್ಸ್ ನಡುವಿನ ಸಂದು. ಕಾರ್ಪೆಟ್‌ನಲ್ಲಿ ಮಂಚದ ಕಾಲಿನ ಗುಂಡಿ. ಅಡುಗೆ ಕಟ್ಟೆಯ ಪ್ರತಿ ಅಡಿ, ದೀಪ ಹಾಕಿ. ಕರೆಂಟ್, ಗ್ಯಾಸ್ ಮೀಟರಿನ ಅಂಕಿ. ಎಷ್ಟು ಬೀಗದಕೈ ಕೊಟ್ಟರು ಅನ್ನುವುದಕ್ಕೆ ಎಲ್ಲವನ್ನೂ ಮೇಜಿನ ಮೇಲಿಟ್ಟು ಒಂದು ಫೋಟೋ.

ಏಜೆಂಟ್ ಒಂದು ಇನ್ವೆಂಟರಿ ಕೊಡುತ್ತಾನೆ. ಮನೆಯಲ್ಲಿ ಏನೇನಿದೆ, ಹೇಗಿದೆ ಅನ್ನುವ ಪಟ್ಟಿ. ಇದೇ ಪಂಚನಾಮೆ. ಕೆಲವು ದಿನದೊಳಗೆ, ಸಾಮಾನ್ಯವಾಗಿ ಏಳು ದಿನ, ನಿಮ್ಮ ಟಿಪ್ಪಣಿ ಸೇರಿಸಿ ವಾಪಸ್ ಮಾಡಬೇಕು. ಬಹಳ ಜನ ಓದದೆ ಸಹಿ ಮಾಡುತ್ತಾರೆ. "ಅಡುಗೆ ಕಟ್ಟೆ: ಒಳ್ಳೆಯ ಸ್ಥಿತಿ" ಅಂತ ಇದ್ದು, ಅಲ್ಲಿ ಮೊದಲೇ ಒಂದು ಸುಟ್ಟ ಗುರುತು ಇದ್ದರೆ, ಆ ಸಹಿಯಿಂದ ಆ ಗುರುತು ನಿಮ್ಮದಾಗುತ್ತದೆ. ಪ್ರತಿ ಸಾಲಿನ ಮುಂದೆ ಬರೆಯಿರಿ. ಫೋಟೋಗಳನ್ನು ಅಂದೇ ಏಜೆಂಟನಿಗೆ ಇಮೇಲ್ ಮಾಡಿ. ಫೋನಿನಲ್ಲಿ ಇಟ್ಟುಕೊಂಡ ಫೋಟೋಗಿಂತ ಅಂದೇ ಕಳಿಸಿದ ಇಮೇಲಿಗೆ ತೂಕ ಜಾಸ್ತಿ, ತಾರೀಖಿನ ಬಗ್ಗೆ ಆಮೇಲೆ ಯಾರೂ ಮಾತಾಡುವಂತಿಲ್ಲ.

ಇನ್ವೆಂಟರಿಯನ್ನೇ ಕೊಡಲಿಲ್ಲವೇ? ನೀವು ಬಾಯಿ ಬಿಡಬೇಕಿಲ್ಲ. ಮೊದಲು ಮನೆ ಹೇಗಿತ್ತು ಅಂತ ತೋರಿಸಲಾಗದ ಮಾಲೀಕನಿಗೆ ಕೊನೆಗೆ ಏನಾದರೂ ಮುರಿದುಕೊಳ್ಳುವುದು ಬಹಳ ಕಷ್ಟ. ನಿಮ್ಮ ಫೋಟೋ ಮಾತ್ರ ನೀವು ತೆಗೆದಿಟ್ಟುಕೊಳ್ಳಿ.

ಅರಿಶಿನ, ಒಗ್ಗರಣೆ, ಹಂಚು

ಈಗ ನಮ್ಮ ಅಡುಗೆ ಮನೆಗೆ ಬರೋಣ. ನಮ್ಮವರ ರೊಕ್ಕ ಹೆಚ್ಚು ಹೋಗುವುದು ಇಲ್ಲೇ.

ಅಲ್ಲಿನ ಬಾಡಿಗೆ ಮನೆಗಳಲ್ಲಿ ಅಡುಗೆ ಕಟ್ಟೆ ಸಾಮಾನ್ಯವಾಗಿ ಕಡಪಾ ಕಲ್ಲಿನದ್ದಲ್ಲ. ಮರದ ಪುಡಿ ಒತ್ತಿ ಮೇಲೆ ಲ್ಯಾಮಿನೇಟ್ ಅಂಟಿಸಿದ್ದು. ತಿಳಿ ಬಣ್ಣದ್ದಾದರೆ ಅರಿಶಿನ ಬಿದ್ದು ಒಂದು ರಾತ್ರಿ ಕಳೆದರೂ ಕಲೆ ಉಳಿಯುತ್ತದೆ. ಬಿಸಿ ಪಾತ್ರೆ ನೇರ ಇಟ್ಟರೆ ಉಬ್ಬುತ್ತದೆ. ಮೊದಲ ಮನೆಯಲ್ಲಿ ನನಗೆ ಬಿದ್ದ 150 ಪೌಂಡ್ ಇದೇ. ಒಂದು ಹಳದಿ ಕಲೆ, ಒಂದು ಕುಕ್ಕರಿನ ಗುಂಡನೆಯ ಗುರುತು. ಒಂದು ದೊಡ್ಡ ಹಲಗೆ ತಂದು ಅದರ ಮೇಲೇ ಎಲ್ಲ ಕೆಲಸ ಮಾಡಿ. ಅರಿಶಿನ ಬಿದ್ದ ತಕ್ಷಣ ಒರೆಸಿ.

ಒಲೆ ಗಾಜಿನ ಹಾಸಿನದ್ದಾದರೆ ಊರಿಂದ ಒಯ್ದ ಕಬ್ಬಿಣದ ಹಂಚನ್ನು ಅದರ ಮೇಲೆ ಎಳೆದಾಡಬೇಡಿ. ಗೀರು ಬಿದ್ದ ಗಾಜನ್ನು ರಿಪೇರಿ ಮಾಡುವುದಿಲ್ಲ, ಹೊಸದೇ ಹಾಕುತ್ತಾರೆ. ಬೆಂಕಿ ಇಲ್ಲದ ಒಲೆಯಲ್ಲಿ ಜೋಳದ ರೊಟ್ಟಿ ಉಬ್ಬುವುದೂ ಇಲ್ಲ, ಆ ದುಃಖ ಬೇರೆ.

ಒಗ್ಗರಣೆಯ ಜಿಡ್ಡು ಎಕ್ಸಾಸ್ಟಿನ ಜಾಲರಿ ಮತ್ತು ಕಪಾಟಿನ ಮೇಲ್ಭಾಗದಲ್ಲಿ ಕೂರುತ್ತದೆ. ಕಣ್ಣಿಗೆ ಕಾಣದ ಜಾಗ, ತಪಾಸಣೆಯವನು ಬೆರಳಾಡಿಸುವುದು ಅಲ್ಲೇ. ಒಗ್ಗರಣೆಗೆ ಹೊಗೆಯ ಅಲಾರಂ ಕೂಗುತ್ತದೆ ಅಂತ ಅದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟುವವರನ್ನು ನೋಡಿದ್ದೇನೆ. ರೊಕ್ಕದ ಮಾತು ಬಿಡಿ, ಪ್ರಾಣಕ್ಕೆ ಅಪಾಯ. ಕಿಟಕಿ ತೆರೆಯಿರಿ.

ದೇವರ ಗೂಡಿನ ದೀಪದ ಮಸಿ ಗೋಡೆಗೆ ಹತ್ತುತ್ತದೆ. ಊದಿನಕಡ್ಡಿಯ ಕಿಡಿ ಕಾರ್ಪೆಟ್ ಸುಡುತ್ತದೆ. ಕೆಳಗೆ ಒಂದು ಸ್ಟೀಲ್ ತಟ್ಟೆ ಇಟ್ಟರೆ ಮುಗಿಯಿತು.

ಚಳಿಗಾಲದಲ್ಲಿ ಕಿಟಕಿ ಮುಚ್ಚಿ, ಹೀಟರಿನ ಮೇಲೆ ಬಟ್ಟೆ ಒಣಗಿಸಿ, ಅನ್ನ ಸಾರು ಕುದಿಸಿದರೆ ಗೋಡೆ ಬೆವರಿ ಬೂಷ್ಟು ಬರುತ್ತದೆ. ಅದು ನಿಮ್ಮ ಲೆಕ್ಕ ಅನ್ನುತ್ತಾರೆ. ಆದರೆ ಚಾವಣಿ ಸೋರಿ, ಪೈಪ್ ಒಡೆದು, ಹೊರಗಿನ ಗೋಡೆಯಿಂದ ತೇವ ಬಂದು ಆದದ್ದು ಮಾಲೀಕನ ಲೆಕ್ಕ. ಯಾವುದೇ ಇರಲಿ, ಕಂಡ ದಿನವೇ ಫೋಟೋ ಸಮೇತ ಇಮೇಲ್ ಮಾಡಿ. ಡಿಸೆಂಬರಿನಲ್ಲಿ ನೀವು ತಿಳಿಸಿದ ಬೂಷ್ಟಿಗೂ, ಸೆಪ್ಟೆಂಬರಿನಲ್ಲಿ ಅವನು "ಕಂಡುಹಿಡಿದ" ಬೂಷ್ಟಿಗೂ ಬಹಳ ವ್ಯತ್ಯಾಸ.

ಸವಕಳಿ ಮತ್ತು ಹಾನಿ

ಇಡೀ ತಕರಾರು ನಿಂತಿರುವುದು ಈ ಎರಡರ ನಡುವಿನ ಗೆರೆಯ ಮೇಲೆ. ಸಹಜ ಬಳಕೆಯಿಂದ ಆಗುವ ಸವಕಳಿಗೆ ಬಾಡಿಗೆದಾರ ಹೊಣೆಯಲ್ಲ. ನಡೆದಾಡಿದ ಕಡೆ ಕಾರ್ಪೆಟ್ ತೆಳುವಾಗುವುದು, ಬಿಸಿಲಿಗೆ ಪರದೆ ಬಣ್ಣ ಬಿಡುವುದು, ಗೋಡೆಯ ಮೇಲೆ ಸಣ್ಣ ಉಜ್ಜಿದ ಗುರುತು, ಇವೆಲ್ಲ ಸವಕಳಿ. ಸುಟ್ಟದ್ದು, ಒಡೆದದ್ದು, ಕಲೆಯಾದದ್ದು ಹಾನಿ. ಬೆಳಗಾವಿಯ ಹಾಗೆ ಹೊರಡುವಾಗ ಬಣ್ಣಕ್ಕೆ ಅಂತ ಒಂದು ಮೊತ್ತ ಮುರಿಯುವ ವಾಡಿಕೆ ಅಲ್ಲಿ ಇಲ್ಲ. ಮನೆಯಲ್ಲಿ ಎಷ್ಟು ಜನ ಇದ್ದರು, ಎಷ್ಟು ವರ್ಷ ಇದ್ದರು ಅನ್ನುವುದನ್ನೂ ನೋಡುತ್ತಾರೆ. ಮೂರು ವರ್ಷ ಇದ್ದ ಮನೆಯಲ್ಲಿ ಮೂರು ತಿಂಗಳ ಮನೆಗಿಂತ ಜಾಸ್ತಿ ಸವಕಳಿ ಸಹಜ.

ಹಾನಿ ನಿಮ್ಮದೇ ಅಂತಾದರೂ ಹೊಸ ವಸ್ತುವಿನ ಪೂರ್ತಿ ಬೆಲೆ ಕೇಳುವಂತಿಲ್ಲ. ಹಳೆಯದನ್ನು ಕೊಟ್ಟು ಹೊಸದನ್ನು ಪಡೆಯುವ ಲಾಭ ಮಾಲೀಕನಿಗೆ ಸಲ್ಲುವುದಿಲ್ಲ. ಒಂದು ಕಾರ್ಪೆಟ್ 500 ಪೌಂಡಿನದ್ದು, ಹತ್ತು ವರ್ಷ ಬಾಳುವಂಥದ್ದು, ನೀವು ಬಿಡುವಾಗ ಆರು ವರ್ಷ ಹಳೆಯದು ಅನ್ನಿ. ಉಳಿದ ಆಯುಷ್ಯ ನಾಲ್ಕು ವರ್ಷ. ಪೂರ್ತಿ ಹಾಳಾಗಿದ್ದರೂ ನಿಮ್ಮ ಪಾಲು 200ರ ಸುತ್ತ. ಈ ಒಂದು ಲೆಕ್ಕ ಗೊತ್ತಿದ್ದರೆ ಅರ್ಧ ಜಗಳ ಗೆದ್ದಂತೆ. ಕಡಿತದ ಪಟ್ಟಿ ಬಂದ ಕೂಡಲೇ ಕೇಳಿ: ಈ ವಸ್ತು ಕೊಂಡದ್ದು ಯಾವಾಗ, ಬಿಲ್ಲು ಎಲ್ಲಿ?

ಇಂಥ ತಕರಾರುಗಳಲ್ಲಿ ಅತಿ ಹೆಚ್ಚು ಬರುವುದು ಕ್ಲೀನಿಂಗ್. ಕಂಪನಿಯವರನ್ನು ಕರೆಸಿಯೇ ಕ್ಲೀನ್ ಮಾಡಿಸಬೇಕು ಅಂತ ನಿಮ್ಮನ್ನು ಒತ್ತಾಯಿಸುವಂತಿಲ್ಲ. ಆದರೆ ಬಂದಾಗ ಎಷ್ಟು ಸ್ವಚ್ಛ ಇತ್ತೋ ಅಷ್ಟೇ ಸ್ವಚ್ಛ ಮಾಡಿ ಕೊಡಬೇಕು. ಅದಕ್ಕೇ ಮೊದಲ ದಿನದ ಓವನ್ ಫೋಟೋ. ನೀವೇ ಉಜ್ಜಿದರೂ ಸರಿ. ಓವನ್, ಬಚ್ಚಲಿನ ನಲ್ಲಿಗೆ ಹತ್ತಿದ ಬಿಳಿ ಪೊರೆ, ಫ್ರಿಜ್ಜಿನ ಹಿಂಭಾಗ, ಇವಕ್ಕೆ ಒಂದು ಇಡೀ ದಿನ ಬೇಕು. ಮರುದಿನ ವಿಮಾನ ಇಟ್ಟುಕೊಂಡು ಹಿಂದಿನ ರಾತ್ರಿ ಕ್ಲೀನಿಂಗಿಗೆ ಕೂತವರು ಯಾರೂ ಪೂರ್ತಿ ಹಣ ಪಡೆದದ್ದು ನಾನು ನೋಡಿಲ್ಲ.

ಮನೆ ಬಿಡುವಾಗ

ಕೊನೆಯ ತಿಂಗಳ ಬಾಡಿಗೆ ಕಟ್ಟಿ. ನಮ್ಮೂರಿನ "ಮುರ್ಕೊಳ್ರಿ" ಅಲ್ಲಿ ಬೇಡ. ಬಾಕಿ ಇಟ್ಟರೆ ಅದು ಸಾಲ, ಡಿಪಾಜಿಟ್‌ನಿಂದ ಕಡಿತಕ್ಕೆ ನೀವೇ ಕಾರಣ ಕೊಟ್ಟಂತೆ, ಮುಂದಿನ ಮನೆಗೆ ಬೇಕಾದ ಒಳ್ಳೆಯ ಮಾತೂ ಸಿಗುವುದಿಲ್ಲ.

ತಪಾಸಣೆಗೆ ಬರುವಾಗ ನೀವೂ ಅಲ್ಲೇ ಇರಿ. ಮೊದಲ ದಿನ ತೆಗೆದ ಕೋನದಿಂದಲೇ ಮತ್ತೆ ಫೋಟೋ. ಮೀಟರ್ ಅಂಕಿ ಮತ್ತೆ. ಬೀಗದಕೈ ಕೊಟ್ಟದ್ದಕ್ಕೆ ಬರಹ. ಆಮೇಲೆ ಡಿಪಾಜಿಟ್ ವಾಪಸ್ ಕೇಳಿ ಇಮೇಲ್. ಕಸ್ಟೋಡಿಯಲ್ ಆದರೆ ಸಂಸ್ಥೆಯ ವೆಬ್‌ಸೈಟಿನಲ್ಲೇ ಕೇಳಬಹುದು. ಇಬ್ಬರೂ ಮೊತ್ತ ಒಪ್ಪಿದ 10 ದಿನದೊಳಗೆ ಹಣ ಬರಬೇಕು.

ಕಡಿತ ಹೇಳಿದರೆ ಪ್ರತಿ ಸಾಲಿಗೂ ಲೆಕ್ಕ ಕೇಳಿ. ಒಪ್ಪುವುದನ್ನು ಒಪ್ಪಿ, ಉಳಿದದ್ದಕ್ಕೆ ಬೇಡ ಅನ್ನಿ. ತಕರಾರಿಲ್ಲದ ಭಾಗವನ್ನು ತಕ್ಷಣ ಬಿಡುಗಡೆ ಮಾಡಲು ಹೇಳಿ. ಪೂರ್ತಿ ಬಗೆಹರಿಯುವವರೆಗೆ ಎಲ್ಲವನ್ನೂ ಹಿಡಿದಿಡುವುದು ದಣಿಸುವ ತಂತ್ರ. ಬಹಳ ಜನ ಅಲ್ಲೇ ಸುಸ್ತಾಗಿ "ಇರಲಿ ಬಿಡು" ಅನ್ನುತ್ತಾರೆ.

ಒಪ್ಪಂದ ಆಗದಿದ್ದರೆ ಸಂಸ್ಥೆಯ ತಕರಾರು ಸೇವೆ ಇದೆ. ಒಂದು ಪೈಸೆ ಖರ್ಚಿಲ್ಲ. ಇಬ್ಬರೂ ಇದಕ್ಕೆ ಒಪ್ಪಬೇಕು. ಕೋರ್ಟಿಗೆ ಹೋಗಬೇಕಿಲ್ಲ, ಯಾರೂ ಮನೆ ನೋಡಲು ಬರುವುದಿಲ್ಲ, ನಿಮ್ಮನ್ನು ಮಾತಾಡಿಸುವುದೂ ಇಲ್ಲ. ಇಬ್ಬರೂ ಕಳಿಸಿದ ಕಾಗದ, ಫೋಟೋ ನೋಡಿ ಒಬ್ಬ ತೀರ್ಪುಗಾರ ನಿರ್ಧರಿಸುತ್ತಾನೆ, ಸಾಮಾನ್ಯವಾಗಿ 28 ದಿನದೊಳಗೆ. ಅದೇ ಕೊನೆ. ಹಾಗಾಗಿ ಮಾಲೀಕ ಎಷ್ಟು ಒರಟ, ನೀವು ಎಷ್ಟು ನೊಂದಿದ್ದೀರಿ ಅಂತ ಎರಡು ಪುಟ ಬರೆಯಬೇಡಿ. "ಸಾಲು 3, ಹಾಸಿಗೆ ಕಲೆ, 120 ಪೌಂಡ್. ಮೊದಲ ದಿನದ ಫೋಟೋ 14ರಲ್ಲಿ ಇದೇ ಕಲೆ ಇದೆ. ಅಂದೇ ಇಮೇಲ್ ಮಾಡಿದ್ದೇನೆ, ಲಗತ್ತು 2." ಇಷ್ಟು ಸಾಕು.

ಮನೆ ಬಿಟ್ಟು ಮೂರು ತಿಂಗಳು ದಾಟಿಸಬೇಡಿ. ಇನ್ಶೂರ್ಡ್ ಬಗೆಯಲ್ಲಿ ಆಮೇಲೆ ಈ ಬಾಗಿಲು ಮುಚ್ಚಿಹೋಗುತ್ತದೆ. ಕೋರ್ಟಿನ ದಾರಿ ಮಾತ್ರ ಉಳಿಯುತ್ತದೆ.

ನೋಂದಣಿಯೇ ಆಗಿಲ್ಲ ಅಂತ ತಿಳಿದರೆ ಆಟ ಬೇರೆ. ಬಾಡಿಗೆದಾರ ಕೌಂಟಿ ಕೋರ್ಟಿಗೆ ಹೋದರೆ ಡಿಪಾಜಿಟ್ ಜೊತೆಗೆ ಅದರ ಒಂದರಿಂದ ಮೂರು ಪಟ್ಟು ದಂಡವನ್ನು ಮಾಲೀಕ ಕೊಡಬೇಕಾಗಬಹುದು. 30 ದಿನ ದಾಟಿ ನೋಂದಾಯಿಸಿದ್ದರೂ ಇದು ಅನ್ವಯಿಸುತ್ತದೆ. ಕೇಳಲು ಆರು ವರ್ಷದ ಅವಕಾಶ ಇದೆ. ಮೊದಲು ಒಂದು ಪತ್ರ ಬರೆದು, ಇಷ್ಟು ದಿನದೊಳಗೆ ಕೊಡದಿದ್ದರೆ ಕೋರ್ಟಿಗೆ ಹೋಗುತ್ತೇನೆ ಅಂತ ತಿಳಿಸುವುದು ಪದ್ಧತಿ. ನನ್ನ ಎರಡನೆಯ ಮನೆಯಲ್ಲಿ ಆದದ್ದು ಇದೇ. ನಾಲ್ಕು ತಿಂಗಳು ಫೋನ್ ಎತ್ತದ ಮನುಷ್ಯ ಪತ್ರ ಮುಟ್ಟಿದ ಆರನೆಯ ದಿನ ಪೂರ್ತಿ ಹಣ ಹಾಕಿದ. ಪತ್ರ ಬರೆಯಲು ಸಹಾಯ ಬೇಕಾದರೆ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಸಲಹಾ ಕೇಂದ್ರ, ಸಿಟಿಜನ್ಸ್ ಅಡ್ವೈಸ್, ಶೆಲ್ಟರ್ ಎಂಬ ಸಹಾಯ ಸಂಸ್ಥೆಗಳು, ಇವೆಲ್ಲ ಉಚಿತ. ವಕೀಲರಿಗೆ ರೊಕ್ಕ ಸುರಿಯುವ ಮೊದಲು ಅಲ್ಲಿ ಹೋಗಿ.

ದೇಶ ಬಿಟ್ಟು ಬರುವವರು ಅಲ್ಲಿನ ಬ್ಯಾಂಕ್ ಖಾತೆಯನ್ನು ಹಣ ಬಂದ ಮೇಲೆಯೇ ಮುಚ್ಚಿ. ಅಲ್ಲಿನ ಸಿಮ್ಮನ್ನೂ ಅಲ್ಲಿಯವರೆಗೆ ಉಳಿಸಿಕೊಳ್ಳಿ, ಓಟಿಪಿ ಬರುವುದು ಅದಕ್ಕೇ.

ಲೆಸ್ಟರಿನ ಹುಡುಗನ ಕತೆ ಹೀಗಾಯಿತು. ಕಡಿತದ ಪಟ್ಟಿಯಲ್ಲಿ ನಾಲ್ಕು ಸಾಲು: ಕ್ಲೀನಿಂಗ್ 180, ಅಡುಗೆ ಕಟ್ಟೆ 260, ಹಾಸಿಗೆ 120, ಕಾರ್ಪೆಟ್ 80. ಇವನು ಮೊದಲ ದಿನ ಫೋಟೋ ತೆಗೆದಿರಲಿಲ್ಲ. ಆದರೆ ಅವನ ಜೊತೆಗಿದ್ದ ಮುದ್ದೇಬಿಹಾಳದ ಹುಡುಗ ಮನೆಯವರಿಗೆ ತೋರಿಸಲು ಅಂತ ಬಂದ ದಿನವೇ ವಿಡಿಯೋ ಮಾಡಿ ಅವ್ವನಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದ. "ನೋಡವ್ವಾ, ಹಾಸಿಗಿ ಹ್ಯಾಂಗ ಕೊಟ್ಟಾರ" ಅಂತ ಹೊದಿಕೆ ಎತ್ತಿ ಕಲೆಯನ್ನೇ ತೋರಿಸಿದ್ದ. ಆ ಅವ್ವ ಒಂದು ವಿಡಿಯೋವನ್ನೂ ಅಳಿಸಿರಲಿಲ್ಲ. ತಾರೀಖು ಸಮೇತ ಸಿಕ್ಕಿತು. ಹಾಸಿಗೆಯ ಸಾಲು ಬಿದ್ದುಹೋಯಿತು. ಕಾರ್ಪೆಟ್ ಸವಕಳಿ ಅಂತಾಯಿತು. ಕಟ್ಟೆಗೆ ಅರಿಶಿನದ ಕಲೆ ನಿಜ, ಆದರೆ ಕಟ್ಟೆ ಏಳು ವರ್ಷ ಹಳೆಯದು, ಮಾಲೀಕನಿಗೆ 70 ಮಾತ್ರ ಸಿಕ್ಕಿತು. ಓವನ್ ಉಜ್ಜಿರಲಿಲ್ಲ, ಅದಕ್ಕೆ 60. ತಕರಾರಿಲ್ಲದ 260 ಮೊದಲೇ ಬಂದಿತ್ತು. ಉಳಿದ 510 ಜನವರಿಯಲ್ಲಿ ಬಂತು.

ನವನಗರದಿಂದ ಮತ್ತೆ ಫೋನ್. "ಅಕ್ಕಾರ, ಆ ಓವನ್ ಅಂದ್ರೇನ್ರಿ? ಅವಾ ಒಂದಿನಾನೂ ಅದರಾಗ ಏನೂ ಮಾಡಿಲ್ಲಂತ. ಪಾತ್ರಿ ಇಡ್ತಿದ್ನಂತ."